ಮೂಗು ಸೋರುವಾಗ ಬೂಸ್ಟರ್ ಹಾಕಿಸಬಹುದೇ?

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ, ತೂಕ 10 ಕೆ.ಜಿ. ಡೇಕೇರ್‌ಗೆ ಸೇರಿಸಿದಾಗಿನಿಂದ ನೆಗಡಿ, ಕೆಮ್ಮು ಬಿಟ್ಟಿಲ್ಲ. ಬೂಸ್ಟರ್‌ಗೆ ಹೊರಟಾಗಲೆಲ್ಲ ಮೂಗು ಸೋರುತ್ತಿರುತ್ತದೆ, ಅತ್ತೆಯವರು ಬೇಡ ಎನ್ನುತ್ತಾರೆ. ಇಷ್ಟು ಲಸಿಕೆ ಹಾಕಿಸಿದರೂ ನೆಗಡಿ ಯಾಕೆ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಧಾರಾಳವಾಗಿ ಹಾಕಿಸಿ. ನೆಗಡಿ, ಸಣ್ಣ ಕೆಮ್ಮು, ಮೈ ತುಸು ಬೆಚ್ಚಗಿರುವುದು ಲಸಿಕೆ ಮುಂದೂಡಲು ಕಾರಣವಲ್ಲ. ಜ್ವರ ಜೋರಾಗಿ ಮಗು ಸುಸ್ತಾಗಿದ್ದರೆ ಮಾತ್ರ ಚೇತರಿಸಿಕೊಳ್ಳುವವರೆಗೆ ಕಾಯಿರಿ. ನೆಗಡಿ ಪೂರ್ತಿ ಹೋಗಲಿ ಎಂದು ಕೂತರೆ ಡೇಕೇರ್ ಮಗುವಿಗೆ ಆ ದಿನ ಬರುವುದೇ ಕಷ್ಟ!

ಈ ಡೋಸ್‌ಗಳಿಗೆ 16ರಿಂದ 24 ತಿಂಗಳ ಅವಧಿ ಇದೆ, ನೀವಿನ್ನೂ ತಡ ಮಾಡಿಲ್ಲ. ತಾಯಿ ಕಾರ್ಡ್ ಹಿಡಿದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ಎಂಆರ್ (ದಡಾರ, ರುಬೆಲ್ಲಾ) ಎರಡನೇ ಡೋಸ್, ಪೋಲಿಯೊ ಹನಿ ಒಂದೇ ದಿನ ಉಚಿತವಾಗಿ ಹಾಕುತ್ತಾರೆ. 9ನೇ ತಿಂಗಳ ಪಿಸಿವಿ (ನ್ಯುಮೊಕಾಕಸ್ ಲಸಿಕೆ) ಬೂಸ್ಟರ್ ಬಿಟ್ಟುಹೋಗಿದೆಯೇ ಎಂದೂ ಅಲ್ಲೇ ಕೇಳಿ. ಒಂದು ಡೋಸ್ ತಪ್ಪಿದ್ದಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ಡಿಪಿಟಿ ಜ್ವರ ಅದೇ ರಾತ್ರಿ ಅಥವಾ ಮಾರನೇ ದಿನ ಬರುತ್ತದೆ. ಎಂಆರ್ ಜ್ವರ ಬರುವುದಾದರೆ ವಾರ, ಹತ್ತು ದಿನ ಬಿಟ್ಟು. ಅಷ್ಟರಲ್ಲಿ ಚುಚ್ಚುಮದ್ದು ಮರೆತಿರುತ್ತದೆ, ಡೇಕೇರ್‌ಗೆ ಬೈಗುಳ. 10 ಕೆ.ಜಿ. ಮಗುವಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ 150 ಮಿ.ಗ್ರಾಂ., ಆರು ಗಂಟೆ ಅಂತರದಲ್ಲಿ. ಬಾಟಲಿ ಮೇಲೆ '5 ಮಿ.ಲೀ.ಗೆ 125' ಎಂದಿದ್ದರೆ 6 ಮಿ.ಲೀ., '250' ಎಂದಿದ್ದರೆ 3 ಮಿ.ಲೀ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ. ಅದನ್ನು ಸಿರಪ್‌ನಂತೆ 6 ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋದಂತೆ.

ಇನ್ನು ನೆಗಡಿ. ಅದಕ್ಕೆ ನೂರಾರು ವೈರಸ್‌ಗಳು ಕಾರಣ, ಈ ಲಸಿಕೆಗಳು ಅವಕ್ಕಲ್ಲ. ನಾಯಿಕೆಮ್ಮು, ಹಿಬ್ ಮತ್ತು ನ್ಯುಮೊಕಾಕಸ್ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾದಂಥ ಪ್ರಾಣಕ್ಕೆ ಕುತ್ತಾಗುವ ಸೋಂಕುಗಳನ್ನು ತಡೆಯುವುದೇ ಅವುಗಳ ಕೆಲಸ. ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ. ಖಾಸಗಿಯಲ್ಲಿ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಡೇಕೇರ್ ಮಗುವಿಗೆ ಹಾಕಿಸುವುದು ಒಳ್ಳೆಯದು. ಕೆಮ್ಮಿನ ಸಿರಪ್ ಈ ವಯಸ್ಸಿಗೆ ಬೇಡವೇ ಬೇಡ. ಮೂಗು ಕಟ್ಟಿದರೆ ಸಲೈನ್ ಹನಿ ಸಾಕು.

ಮಗು ಮಲಗಿದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದು ವರ್ಷ ದಾಟಿದ ಮಗುವಿಗೆ 40 ಅಥವಾ ಹೆಚ್ಚಿದ್ದರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ನೀರೂ ಕುಡಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ವಾಣಿ ವಿಲಾಸ ಅಥವಾ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಂಥ, ತುರ್ತು ಚಿಕಿತ್ಸೆ ಇರುವ ಕಡೆ ಕೂಡಲೇ ಕರೆದೊಯ್ಯಿರಿ.