ನಮ್ಮ ಸೀರೆ ಮಾರುವ ಸೈಟ್‌ನ ಹೋಸ್ಟಿಂಗ್ (ಸೈಟ್ ಇಟ್ಟಿರುವ ಬಾಡಿಗೆ ಸರ್ವರ್) ದೊಡ್ಡದು ಮಾಡಿದರೂ ಗಿರಾಕಿಗಳು "ಸೈಟ್ ಸ್ಲೋ" ಅಂತಾರೆ. ಇನ್ನೂ ದೊಡ್ಡ ಪ್ಲಾನ್ ತಗೊಳ್ಳಲಾ, ಇಲ್ಲಾ ಫೋಟೋ ಕ್ವಾಲಿಟಿ ಇಳಿಸಲಾ?

ಎರಡೂ ಬೇಡ. ಮುಖಪುಟ ಎರಡು ಸೆಕೆಂಡಿಗೆ ತೆರೆಯುತ್ತೆ, ಗೂಗಲ್‌ನ ವೇಗ ಪರೀಕ್ಷೆ ಪೇಜ್‌ಸ್ಪೀಡ್‌ನ ಅಂಕ ಹಸಿರು, ಆದರೂ ಜನ ಫೋನ್ ಮಾಡಿ "ಆರ್ಡರ್ ಬಂತೇನ್ರೀ?" ಅಂತ ಕೇಳ್ತಾರೆ ಅಂತ ನೀವೇ ಬರೆದಿದ್ದೀರಿ. ರೋಗ ಆ ಫೋನಿನಲ್ಲೇ ಇದೆ.

ದಾವಣಗೆರೆ ಮಂಡಿಪೇಟೆಯ ಒಂದು ಸೀರೆ ಅಂಗಡಿಗೆ ನಾನು ಮಾಡಿಕೊಟ್ಟ ಸೈಟ್‌ಗೂ ಇದೇ ಫೋನ್ ಬರ್ತಿತ್ತು. ಜೊತೆಗೆ ಒಂದೇ ಮೊಳಕಾಲ್ಮುರು ಸೀರೆಗೆ ಒಂದೇ ಮನೆಯಿಂದ ಎರಡು ಮೂರು ಆರ್ಡರ್, ಎಲ್ಲ ಕ್ಯಾಷ್ ಆನ್ ಡೆಲಿವರಿ. ಒಂದು ಪಾರ್ಸಲ್ ಇಟ್ಟುಕೊಂಡು ಉಳಿದದ್ದು ವಾಪಸ್. ಹೋಗೋ ಬರೋ ಕೊರಿಯರ್ ಖರ್ಚು ಅಂಗಡಿಯವರ ತಲೆ ಮೇಲೆ. ಜನಕ್ಕೆ ಬಟನ್ ಒತ್ತೋಕೆ ಬರಲ್ಲ ಅಂತ ನಾನು ಬೈದುಕೊಂಡು ಓಡಾಡಿದೆ. ತಪ್ಪು ನನ್ನ ಕೋಡ್‌ನಲ್ಲಿತ್ತು.

"ಆರ್ಡರ್ ಮಾಡಿ" ಒತ್ತಿದಾಗ ಸರ್ವರ್‌ಗೆ ನಾಲ್ಕು ಕೆಲಸ: ಆರ್ಡರನ್ನು ಡೇಟಾಬೇಸಿಗೆ ಬರೆಯೋದು, ಬಿಲ್ಲಿನ ಪಿಡಿಎಫ್ ಮಾಡೋದು, ಮೇಲ್ ಕಳಿಸೋದು, ಎಸ್‌ಎಂಎಸ್ ಕಳಿಸೋದು. ಮೊದಲನೆಯದಕ್ಕೆ ಕಾಲು ಸೆಕೆಂಡ್. ಪಿಡಿಎಫ್‌ಗೆ ಒಂದೂವರೆ, ಮೇಲ್‌ಗೆ ಎರಡು, ಎಸ್‌ಎಂಎಸ್‌ಗೆ ಮೂರು. ನಾಲ್ಕನ್ನೂ ಒಂದರ ಹಿಂದೊಂದು ಮುಗಿಸಿ, ಆಮೇಲೆ ಗಿರಾಕಿಗೆ ಉತ್ತರ ಹೋಗೋ ಹಾಗೆ ಬರೆದಿದ್ದೆ. ಅಂದರೆ ಆರ್ಡರ್ ಕಾಲು ಸೆಕೆಂಡಿಗೇ ಸೇರಿದೆ, ಸೇರಿತು ಅಂತ ಹೇಳೋಕೆ ಏಳು ಸೆಕೆಂಡ್. ಎಸ್‌ಎಂಎಸ್ ಗೇಟ್‌ವೇ (ಎಸ್‌ಎಂಎಸ್ ಕಳಿಸಿಕೊಡುವ ಕಂಪನಿಯ ಸರ್ವರ್) ಕೈಕೊಟ್ಟ ದಿನ ಟೈಮ್‌ಔಟ್‌ಗೆ, ಅಂದರೆ ಕಾಯುವ ಗಡುವಿಗೆ, ಇಟ್ಟಿದ್ದ 30 ಸೆಕೆಂಡೂ ಪೂರ್ತಿ ಕಾಯಬೇಕು. ಅಷ್ಟೂ ಹೊತ್ತು ಬಟನ್ ಬಣ್ಣ ಕೂಡ ಬದಲಾಗಲ್ಲ. ಜಗಳೂರು ಕಡೆ ಹಳ್ಳಿಯಲ್ಲಿ ಕೂತವರು ನೆಟ್‌ವರ್ಕ್ ಹೋಯ್ತು ಅಂದುಕೊಂಡು ಮತ್ತೆ ಒತ್ತುತ್ತಾರೆ. ಅಲ್ಲಿ ನಿಜಕ್ಕೂ ಹೋಗುತ್ತಲ್ಲ!

ಇದು ನನ್ನ ಕಣ್ಣಿಗೆ ಬೀಳಲಿಲ್ಲ, ಯಾಕಂದರೆ ಟೆಸ್ಟ್ ಸೈಟ್‌ನಲ್ಲಿ ಮೇಲ್, ಎಸ್‌ಎಂಎಸ್ ಎರಡನ್ನೂ ಬಂದ್ ಮಾಡಿಟ್ಟಿದ್ದೆ, ಸುಮ್ಮನೆ ಯಾಕೆ ದುಡ್ಡು ದಂಡ ಅಂತ. ಹಾಗಾಗಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಆರ್ಡರ್ ಎರಡು ಸೆಕೆಂಡಿನ ಒಳಗೇ ಮುಗೀತಿತ್ತು.

ಪೇಜ್‌ಸ್ಪೀಡ್ ಅಂಕ ಇದನ್ನು ಹಿಡಿಯಲ್ಲ. ಅದು ಪುಟ ತೆರೆದು ನೋಡುತ್ತೆ, ಬಟನ್ ಒತ್ತಲ್ಲ. 2024ರ ಮಾರ್ಚ್‌ನಿಂದ ಗೂಗಲ್ ಮುಖ್ಯ ಅಳತೆಗಳಲ್ಲಿ ಸೇರಿಸಿದ ಐಎನ್‌ಪಿ (ಇಂಟರಾಕ್ಷನ್ ಟು ನೆಕ್ಸ್ಟ್ ಪೇಂಟ್) ನಿಜವಾದ ಗಿರಾಕಿಗಳ ಒತ್ತನ್ನೇ ಅಳೆಯುತ್ತೆ, 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೇದು. ಆದರೆ ಅದರ ಲೆಕ್ಕ ಒತ್ತಿದ ಮೇಲೆ ಪರದೆ ಮುಂದಿನ ಸಲ ಮೂಡುವವರೆಗೆ ಮಾತ್ರ. ಸರ್ವರ್ ಉತ್ತರಕ್ಕೆ ಕಾದದ್ದು ಅದರಲ್ಲಿ ಬರಲ್ಲ. ಐಎನ್‌ಪಿ ಹಸಿರಾಗಿದ್ದೂ ಗಿರಾಕಿ ಏಳು ಸೆಕೆಂಡ್ ಕಾಯಬಹುದು. ಸಾಫ್ಟ್‌ವೇರ್ ಬಳಕೆ ಸುಲಭ ಮಾಡೋದರ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲೇ ಮೂರು ಮಿತಿ ಹೇಳಿದ್ದರು: 0.1 ಸೆಕೆಂಡ್ ಅಂದರೆ ತಕ್ಷಣ ಆದಂತೆ, 1 ಸೆಕೆಂಡ್‌ವರೆಗೆ ಯೋಚನೆ ಕಡಿಯಲ್ಲ, 10 ದಾಟಿದರೆ ಗಮನ ಬೇರೆ ಕಡೆ. ದುಡ್ಡಿನ ವಿಷಯಕ್ಕೆ ಬಂದಾಗ ಜನ 10ರವರೆಗೆ ಕಾಯೋದೇ ಇಲ್ಲ ಅನ್ನೋದು ನನ್ನ ಅನುಭವ.

ಮೊದಲು ಸರ್ವರ್ ಸರಿ ಮಾಡಿ. ಆರ್ಡರ್ ಡೇಟಾಬೇಸಿಗೆ ಸೇರಿದ ಕೂಡಲೇ ಉತ್ತರ ಕಳಿಸಿ. ಉಳಿದ ಮೂರು ಕೆಲಸವನ್ನು ಒಂದು ಟೇಬಲ್‌ನಲ್ಲಿ ಬರೆದಿಟ್ಟು, ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಜಾಬ್‌ಗೆ (ಗೊತ್ತುಮಾಡಿದ ಹೊತ್ತಿಗೆ ಸರ್ವರ್ ತಾನೇ ಓಡಿಸುವ ಕೋಡ್) ಬಿಡಿ. ಹಲವು ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವ ಸಾದಾ ಶೇರ್ಡ್ ಹೋಸ್ಟಿಂಗ್‌ನಲ್ಲೂ ಸಾಮಾನ್ಯವಾಗಿ ಕ್ರಾನ್ ಇರುತ್ತೆ. ಎಸ್‌ಎಂಎಸ್ ಒಂದು ನಿಮಿಷ ತಡವಾದರೆ ಯಾರೂ ಕೇಳಲ್ಲ.

ಆಮೇಲೆ ಬಟನ್. ಒತ್ತಿದ ತಕ್ಷಣ ಡಿಸೇಬಲ್ ಆಗಿ "ಕಳಿಸ್ತಾ ಇದೀವಿ" ಅಂತ ಬರಬೇಕು. ಇಲ್ಲೊಂದು ಮೋಸ ಇದೆ: ಅದೇ ಫಂಕ್ಷನ್‌ನಲ್ಲಿ ವಿಳಾಸ ಪರೀಕ್ಷೆ, ಡಿಸ್ಕೌಂಟ್ ಲೆಕ್ಕ ಎಲ್ಲ ತುರುಕಿದ್ದರೆ, ಅದು ಮುಗಿಯೋವರೆಗೆ ಬ್ರೌಸರ್ ಪರದೆ ಬದಲಿಸಲ್ಲ. ಮೊದಲು ಬಟನ್ನಿನ ಅಕ್ಷರ ಬದಲಿಸಿ, ಉಳಿದದ್ದನ್ನು ಸೆಟ್‌ಟೈಮ್‌ಔಟ್ (ಕೆಲಸ ಮುಂದೂಡುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಸೊನ್ನೆ ಇಟ್ಟು ಹಿಂದಕ್ಕೆ ತಳ್ಳಿ.

ಡಿಸೇಬಲ್ ಮಾಡಿದರೂ ರಿಫ್ರೆಶ್ ಮಾಡೋರು ಇದ್ದೇ ಇರ್ತಾರೆ. ಅದಕ್ಕೆ ಕಾರ್ಟ್ ಪುಟ ತೆರೆದಾಗಲೇ, ಹಳೇದು ಇಲ್ಲದಿದ್ದರೆ ಮಾತ್ರ, ಒಂದು ರ್ಯಾಂಡಮ್ ನಂಬರ್ ಹುಟ್ಟಿಸಿ ಲೋಕಲ್ ಸ್ಟೋರೇಜ್‌ನಲ್ಲಿ (ಗಿರಾಕಿಯ ಬ್ರೌಸರ್‌ನಲ್ಲೇ ಉಳಿಯುವ ಜಾಗ) ಇಟ್ಟು, ಆರ್ಡರ್ ಜೊತೆ ಕಳಿಸಿ, ಡೇಟಾಬೇಸ್‌ನಲ್ಲಿ ಆ ಕಾಲಂಗೆ ಒಂದೇ ನಂಬರ್ ಎರಡು ಸಲ ಸೇರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಹಾಕಿ. ಅದೇ ನಂಬರ್ ಮತ್ತೆ ಬಂದರೆ ಎರರ್ ಬೇಡ, ಮೊದಲಿನ ಆರ್ಡರ್ ನಂಬರನ್ನೇ ತೋರಿಸಿ. ಒತ್ತಿದಾಗ ಹುಟ್ಟಿಸಿದರೆ ಪ್ರತಿ ಒತ್ತಿಗೂ ಹೊಸ ನಂಬರ್ ಬಂದು ಇಡೀ ಏರ್ಪಾಡೇ ದಂಡ. ಆರ್ಡರ್ ಆದಮೇಲೆ ಅಳಿಸೋದು ಮರೆತರೆ ಅವರ ಮುಂದಿನ ಸೀರೆ ಆರ್ಡರ್ ಆಗಲ್ಲ.

ಫೋಟೋ ಕ್ವಾಲಿಟಿ ಇಳಿಸಬೇಡಿ, ಅಂಚು ಸೆರಗು ಕಾಣದಿದ್ದರೆ ಸೀರೆ ಯಾರು ತಗೊಳ್ತಾರೆ? ಅಳತೆ ಇಳಿಸಿ. ಕ್ಯಾಮೆರಾದ 4000 ಪಿಕ್ಸೆಲ್ ಫೋಟೋ ಪುಟದಲ್ಲಿ ವ್ಯರ್ಥ. 800 ಪಿಕ್ಸೆಲ್‌ನ ವೆಬ್‌ಪಿ (ಕಡಿಮೆ ಜಾಗ ಹಿಡಿಯುವ ಫೋಟೋ ಫಾರ್ಮ್ಯಾಟ್) ಸಾಕು, ಜೂಮ್ ಮಾಡಿದಾಗ ಮಾತ್ರ 1600ದ್ದು ಬರಲಿ. ಮೊದಲ ಫೋಟೋಗೆ ಲೇಜಿ ಲೋಡಿಂಗ್ (ಪರದೆ ಹತ್ತಿರ ಬಂದಾಗಷ್ಟೇ ಫೋಟೋ ತರಿಸೋದು) ಹಾಕಬೇಡಿ.

ಇಷ್ಟಾದ ಮೇಲೆ ಎಸ್‌ಎಂಎಸ್, ಮೇಲ್ ಆನ್ ಇಟ್ಟೇ ಟೆಸ್ಟ್ ಮಾಡಿ. ಕ್ರೋಮ್ ಬ್ರೌಸರ್‌ನ ಒಳಗೇ ಇರುವ ಪರೀಕ್ಷಾ ಸಲಕರಣೆ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ಸ್ಲೋ 4ಜಿ, ಸಿಪಿಯು 4 ಪಟ್ಟು ನಿಧಾನಕ್ಕಿಟ್ಟು, ಒತ್ತಿದ್ದರಿಂದ ಆರ್ಡರ್ ನಂಬರ್ ಕಾಣೋವರೆಗೆ ಸ್ಟಾಪ್‌ವಾಚ್ ಹಿಡಿಯಿರಿ. ಎರಡು ಸೆಕೆಂಡ್ ದಾಟಿದರೆ ಕ್ರಾನ್‌ಗೆ ಹೋಗಬೇಕಿದ್ದ ಯಾವುದೋ ಕೆಲಸ ಇನ್ನೂ ಮುಂದೆ ನಿಂತಿದೆ. ಪಿನ್‌ಕೋಡ್‌ಗೆ ಡೆಲಿವರಿ ಇದೆಯಾ ಅಂತ ಕೊರಿಯರ್ ಸರ್ವರನ್ನು ಕೇಳುವ ಕೋಡ್ ಇದ್ದರೆ ಮೊದಲು ಅದನ್ನೇ ನೋಡಿ. ಅದನ್ನು ವಿಳಾಸ ತುಂಬುವಾಗಲೇ ಕೇಳಿ ಮುಗಿಸಬಹುದು.