ಫೈಲ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಮೊದಲು ಅದನ್ನು ನೋಡಿ

ಪ್ರಶ್ನೆ: ಮನೆಯಲ್ಲಿ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇವೆ. ಎರಡರಲ್ಲೂ ವಿಂಡೋಸ್ 11. ಡೆಸ್ಕ್‌ಟಾಪ್‌ನಲ್ಲಿರುವ 40 ಜಿಬಿ ಫೋಟೊಗಳನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬೇಕು. ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಡೆಸ್ಕ್‌ಟಾಪ್ ಒಮ್ಮೊಮ್ಮೆ ಮಾತ್ರ ಕಾಣಿಸುತ್ತದೆ. ಕಂಡಾಗಲೂ ಪಾಸ್‌ವರ್ಡ್ ಕೇಳುತ್ತದೆ, ದಿನಾ ಹಾಕುವ ಪಿನ್ ಕೊಟ್ಟರೆ ತಪ್ಪು ಅನ್ನುತ್ತದೆ. ಡೆಸ್ಕ್‌ಟಾಪ್ ಕಡೆಯಿಂದ ಕಳಿಸಿದರೆ ಹೋಗುತ್ತದೆ, ಆದರೆ ಸೆಕೆಂಡಿಗೆ 11 ಎಂಬಿ ದಾಟುವುದೇ ಇಲ್ಲ. ಎರಡನ್ನೂ ಕೇಬಲ್‌ನಲ್ಲೇ ರೌಟರ್‌ಗೆ ಜೋಡಿಸಿದ್ದೇನೆ. ಏನು ಮಾಡಲಿ?

ಉತ್ತರ: ನೀವು ಹೇಳಿರುವುದು ಒಂದು ತೊಂದರೆ ಅಲ್ಲ, ಮೂರು. ಒಂದಕ್ಕೊಂದು ಸಂಬಂಧವೂ ಇಲ್ಲ. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋದರೆ ಯಾವುದು ಸರಿಯಾಯಿತು ಅಂತಲೇ ಗೊತ್ತಾಗುವುದಿಲ್ಲ. ಒಂದೊಂದಾಗಿ ಬಿಡಿಸೋಣ.

ಕಾಣಿಸದೇ ಇರುವುದು ಸಾಮಾನ್ಯವಾಗಿ ನೆಟ್‌ವರ್ಕ್ 'ಪಬ್ಲಿಕ್' ಎಂದು ಇರುವುದರಿಂದ. ಸೆಟ್ಟಿಂಗ್ಸ್‌ನಲ್ಲಿ ಎರಡೂ ಕಂಪ್ಯೂಟರ್‌ಗಳಲ್ಲಿ ಅದನ್ನು 'ಪ್ರೈವೇಟ್' ಮಾಡಿ, ನೆಟ್‌ವರ್ಕ್ ಡಿಸ್ಕವರಿ (ಕಂಪ್ಯೂಟರ್‌ಗಳು ಒಂದಕ್ಕೊಂದು ಕಾಣಿಸುವ ಸೌಲಭ್ಯ) ಆನ್ ಮಾಡಿ. ಅಷ್ಟಾದರೂ ಹೆಸರು ಬರದಿದ್ದರೆ ಹೆಸರಿಗಾಗಿ ಕಾಯಬೇಡಿ. ಡೆಸ್ಕ್‌ಟಾಪ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಅಂಕಿಗಳು) ನೋಡಿಕೊಂಡು, ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್ ಮೇಲಿರುವ ಅಡ್ರೆಸ್ ಬಾರ್‌ನಲ್ಲಿ \\192.168.1.5 ಅನ್ನುವ ಥರ ಟೈಪ್ ಮಾಡಿ. ಹೀಗೆ ತೆರೆದರೆ ದಾರಿ ಸರಿಯಾಗಿಯೇ ಇದೆ, ಹೆಸರು ಹುಡುಕುವುದರಲ್ಲಿ ಮಾತ್ರ ತೊಡಕು. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದರ ಅಗತ್ಯ ಇಲ್ಲ.

ಇನ್ನು ಪಿನ್. ಅದು ಆ ಒಂದು ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬಂದವರಿಗೆ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಕೊಟ್ಟರೂ ಕೆಲವೊಮ್ಮೆ ಹಟ ಮಾಡುತ್ತದೆ. ನನಗೆ ಸುಲಭ ಅನ್ನಿಸಿದ್ದು ಇದು: ಡೆಸ್ಕ್‌ಟಾಪ್‌ನಲ್ಲಿ ಒಂದು ಲೋಕಲ್ ಖಾತೆ (ಆ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಖಾತೆ) ಮಾಡಿ, ಅದಕ್ಕೆ ಪಾಸ್‌ವರ್ಡ್ ಇಡಿ, ಫೋಟೊ ಫೋಲ್ಡರನ್ನು ಆ ಖಾತೆಗೆ ಶೇರ್ ಮಾಡಿ. ಲ್ಯಾಪ್‌ಟಾಪ್ ಕೇಳಿದಾಗ ಆ ಖಾತೆಯ ಹೆಸರು, ಪಾಸ್‌ವರ್ಡನ್ನೇ ಕೊಡಿ.

ಈಗ ಆ 11 ಎಂಬಿ. ನಿಮ್ಮ ಪತ್ರದಲ್ಲಿ ಬಹಳ ಉಪಯೋಗದ ಮಾತು ಅದೇ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರು ಮೆಗಾಬಿಟ್ ಅಂದರೆ, ಎಂಟರಿಂದ ಭಾಗಿಸಿದರೆ, 12.5 ಮೆಗಾಬೈಟ್. ಸಾಗಣೆಯ ಖರ್ಚು ಕಳೆದರೆ ಕೈಗೆ ಸಿಗುವುದು 11 ಚಿಲ್ಲರೆ. ವೇಗ ಏರಿಳಿಯದೆ ಅಲ್ಲೇ ನಿಂತಿದ್ದರೆ ನಿಮ್ಮ ದಾರಿಯಲ್ಲಿ ಎಲ್ಲೋ ಒಂದು ಕಡೆ ಗಿಗಾಬಿಟ್ (ಸಾವಿರ ಮೆಗಾಬಿಟ್) ಬದಲು ನೂರು ಮೆಗಾಬಿಟ್ ಸಂಪರ್ಕ ಇದೆ. ಎರಡೂ ಕಂಪ್ಯೂಟರ್‌ಗಳ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಒಂದರಲ್ಲಿ 1000, ಇನ್ನೊಂದರಲ್ಲಿ 100 ಇದ್ದರೆ ತಪ್ಪು ಯಾವ ಕಡೆ ಅಂತ ಅಲ್ಲೇ ಗೊತ್ತಾಗುತ್ತದೆ. ಎರಡರಲ್ಲೂ 100 ಇದ್ದರೆ ರೌಟರ್‌ನ ಪೋರ್ಟ್‌ಗಳೇ ಅಷ್ಟರವು ಇರಬಹುದು.

ನನ್ನ ಮೇಜಿನ ಕೆಳಗೂ ಹೀಗೇ ಆಗಿತ್ತು. ಎರಡು ಸಂಜೆ ಡ್ರೈವರ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಕೇಬಲನ್ನು ಬೆರಳಲ್ಲಿ ಸವರುತ್ತಾ ಹೋದಾಗ ಒಂದು ಕಡೆ ಚಪ್ಪಟೆಯಾಗಿದ್ದು ಸಿಕ್ಕಿತು. ಕುರ್ಚಿಯ ಚಕ್ರ ದಿನಾ ಅದರ ಮೇಲೇ ಹಾಯುತ್ತಿತ್ತು. ಈ ಕೇಬಲ್ ಒಳಗೆ ಎಂಟು ತಂತಿ ಇರುತ್ತವೆ. ಗಿಗಾಬಿಟ್‌ಗೆ ಎಂಟೂ ಬೇಕು, ನೂರು ಮೆಗಾಬಿಟ್‌ಗೆ ನಾಲ್ಕು ಸಾಕು. ಹಾಗಾಗಿ ಒಂದು ತಂತಿ ತುಂಡಾದರೂ ಸಂಪರ್ಕ ಕಡಿಯದೇ ಇರಬಹುದು. ಸದ್ದಿಲ್ಲದೆ ವೇಗ ಇಳಿಯುತ್ತದೆ ಅಷ್ಟೆ. ಅದಕ್ಕೇ ಹೇಳುವುದು, ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಅದರ ಮೈಮೇಲೆ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಎಂದು ಬರೆದಿರಲಿ. ಸರಿಯಾದರೆ, ಡಿಸ್ಕ್‌ಗಳೂ ಅಷ್ಟು ವೇಗ ತಡೆದುಕೊಂಡರೆ, ಸೆಕೆಂಡಿಗೆ 110 ಎಂಬಿ ತನಕ ಬರುತ್ತದೆ. ಈಗ ಒಂದು ಗಂಟೆ ಹಿಡಿಯುವ ಕೆಲಸ ಆರೇಳು ನಿಮಿಷಕ್ಕೆ ಇಳಿಯಬಹುದು. ಚಿಕ್ಕ ಚಿಕ್ಕ ಫೈಲ್‌ಗಳು ಸಾವಿರಾರು ಇದ್ದರೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ: ಫೋಟೊಗಳನ್ನು ಕಟ್ ಮಾಡಬೇಡಿ, ಕಾಪಿ ಮಾಡಿ. ಆಮೇಲೆ ಎರಡೂ ಕಡೆ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ಹೋಲಿಸಿ. ಹೊಸ ಕಡೆ ಒಂದಷ್ಟು ಫೋಟೊ ತೆರೆದು ನೋಡಿ. ಅಲ್ಲಿಯವರೆಗೆ ಹಳೆಯದನ್ನು ಮುಟ್ಟಲೇಬೇಡಿ. ಮತ್ತೆ ತೆಗೆಯಲಾಗದ ಚಿತ್ರಗಳು ಅವು, ಅಲ್ವಾ?

ಪ್ರಶ್ನೆ: ರೌಟರ್‌ಗೆ ಪೆನ್‌ಡ್ರೈವ್ ಹಾಕಿ ಮನೆಯವರೆಲ್ಲ ಬಳಸುತ್ತೇವೆ. ಬೇರೆಲ್ಲ ಫೈಲ್ ಹೋಗುತ್ತವೆ, 6 ಜಿಬಿ ವಿಡಿಯೊ ಒಂದು ಮಾತ್ರ ಹೋಗುತ್ತಿಲ್ಲ. ಜಾಗ ಬೇಕಾದಷ್ಟಿದೆ.

ಉತ್ತರ: ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರುವಂತಿಲ್ಲ, ಜಾಗ ಎಷ್ಟೇ ಇರಲಿ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಇವುಗಳಲ್ಲಿ ನಿಮ್ಮ ರೌಟರ್ ಯಾವುದನ್ನು ಓದುತ್ತದೆ ಅಂತ ಅದರ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಅದನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.