ಗೆಲುವಿನ ಸುದ್ದಿ ಹತ್ತು ದಿನ ಎಲ್ಲಿತ್ತು?

ಧಾರವಾಡದ ಓದುಗರೊಬ್ಬರು ಬರೆಯುತ್ತಾರೆ: ‘ಕಪ್ಪು ಸಮುದ್ರದ ಉತ್ತರ ದಡದ ಕ್ರಿಮಿಯಾದ ಆಲ್ಮಾ ನದಿಯ ದಂಡೆಯಲ್ಲಿ 1854ರ ಸೆಪ್ಟೆಂಬರ್ 20ರಂದು ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ರಷ್ಯನ್ನರನ್ನು ಸೋಲಿಸಿದವು, ಲಂಡನ್ನಿಗೆ ಅದು ತಿಳಿದದ್ದು 30ರಂದು ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ಟೆಲಿಗ್ರಾಫ್ ಇದ್ದೂ ಹತ್ತು ದಿನ ಏಕೆ? ಸೇನಾಪತಿಯನ್ನು ಬಿಟ್ಟು ರಾಯಭಾರಿ ಏಕೆ ಸುದ್ದಿ ಕಳುಹಿಸಿದರು?’

ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ: ರಣರಂಗದವರೆಗೆ ತಂತಿ ಇರಲಿಲ್ಲ. ಗೆಲುವಿನ ವರದಿ ಮೊದಲು ಹಡಗೇರಿ ಕಪ್ಪು ಸಮುದ್ರ ದಾಟಿ, ಮಿತ್ರರಾಷ್ಟ್ರ ತುರ್ಕಿಯ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಸೇರಬೇಕಿತ್ತು. ಅಲ್ಲಿ ಬ್ರಿಟನ್ನಿನ ರಾಯಭಾರಿ ಲಾರ್ಡ್ ಸ್ಟ್ರಾಟ್‌ಫರ್ಡ್ ಇದ್ದರು. ಅವರ ಕೈಯಲ್ಲಿ ದೂತರಿದ್ದರು, ದಾರಿಯುದ್ದಕ್ಕೂ ಊರೂರಲ್ಲಿ ಬ್ರಿಟನ್ನಿನ ಪ್ರತಿನಿಧಿಗಳಾದ ಕಾನ್ಸಲ್‌ಗಳಿದ್ದರು. ಅವರು ಬರೆದ ಚುಟುಕು ಸಂದೇಶ ಬಾಲ್ಕನ್ ಬೆಟ್ಟಗಳನ್ನು ಕುದುರೆಯ ಮೇಲೆ ದಾಟಿ, ಬೆಲ್‌ಗ್ರೇಡ್‌ನ ಕಡೆಯಿಂದ ಆಸ್ಟ್ರಿಯಾದ ತಂತಿ ಹಿಡಿಯಿತು. ಹತ್ತು ದಿನಗಳ ಬಹುಪಾಲನ್ನು ನುಂಗಿದ್ದು ಹಡಗು ಮತ್ತು ಕುದುರೆ.

ಆ ಸಂದೇಶದಲ್ಲಿ ಗೆಲುವಿತ್ತು, ಸತ್ತವರ ಹೆಸರುಗಳಿರಲಿಲ್ಲ. ಬ್ರಿಟಿಷ್ ಪಡೆಯೊಂದರಲ್ಲೇ ಸತ್ತವರು, ಗಾಯಗೊಂಡವರು ಸೇರಿ ಸುಮಾರು 2,000 ಮಂದಿ. ಸೇನಾಪತಿ ಲಾರ್ಡ್ ರಾಗ್ಲನ್ ಅವರ ವಿವರವಾದ ವರದಿ ಅಚ್ಚಾಗುವ ಹೊತ್ತಿಗೆ ಅಕ್ಟೋಬರ್ ಎರಡನೇ ವಾರ ಬಂದಿತ್ತು. ಊರೆಲ್ಲ ಸಂಭ್ರಮಿಸುತ್ತಿದ್ದಾಗ ಮಗ ಇದ್ದಾನೋ ಇಲ್ಲವೋ ತಿಳಿಯದೆ ಕುಳಿತ ತಾಯಂದಿರ ಆ ದಿನಗಳ ಬಗ್ಗೆ ಯುದ್ಧದ ಚರಿತ್ರೆಗಳು ಬರೆಯುವುದು ತೀರ ಕಡಿಮೆ. ನನಗೆ ಆಲ್ಮಾ ಎಂದರೆ ಮೊದಲು ನೆನಪಾಗುವುದೇ ಅದು.

ಆ ನಡುವೆಯೇ ಇನ್ನೊಂದು ಅನಾಹುತವಾಯಿತು. ತುರ್ಕಿ ಸರ್ಕಾರದ ಟಪಾಲು ಒಯ್ಯುವ ಸವಾರರನ್ನು ‘ತಾತಾರ್’ ಎನ್ನುತ್ತಿದ್ದರು. ಅಂಥ ಒಬ್ಬ ಸವಾರನ ಮಾತಿನಿಂದ, ಮಿತ್ರಪಡೆಗಳ ಗುರಿಯಾಗಿದ್ದ ಕ್ರಿಮಿಯಾದ ರಷ್ಯನ್ ನೌಕಾನೆಲೆ ಸೆವಾಸ್ಟೊಪೋಲ್ ಕೋಟೆಯೇ ಬಿದ್ದಿತೆಂಬ ಸುದ್ದಿ ಬುಕಾರೆಸ್ಟ್‌ನಲ್ಲಿ ಹಬ್ಬಿ ವಿಯೆನ್ನಾಕ್ಕೆ ಹೋಯಿತು. ಅಲ್ಲಿಂದ ತಂತಿಯಲ್ಲಿ ಪ್ಯಾರಿಸ್, ಲಂಡನ್ ತಲುಪಿತು. ಪತ್ರಿಕೆಗಳು ಅದನ್ನು ನಂಬಿ ಮೆರೆಸಿದವು. ಕೋಟೆ ನಿಜವಾಗಿ ಬಿದ್ದದ್ದು ಹನ್ನೊಂದು ತಿಂಗಳ ಬಳಿಕ, 1855ರ ಸೆಪ್ಟೆಂಬರ್‌ನಲ್ಲಿ. ಬೀದಿಯ ಗಾಳಿಮಾತಾಗಿದ್ದರೆ ಜನ ಅನುಮಾನಿಸುತ್ತಿದ್ದರು. ರಾಜಧಾನಿಯಿಂದ ರಾಜಧಾನಿಗೆ ಬಂದ ತಂತಿಯಾದ್ದರಿಂದ, ಮೊದಲು ಹೇಳಿದವನು ಕಣ್ಣಾರೆ ಕಂಡಿದ್ದನೇ ಎಂದು ಯಾರೂ ಕೇಳಲಿಲ್ಲ. ಆ ಕಾಲದ ರಾಯಭಾರ ತಂತಿಗಳನ್ನು ಓದುವಾಗ ಸಹಿಗಿಂತ ಮುಂಚೆ ನಾನು ಹುಡುಕುವುದು ಆ ಮೊದಲ ಬಾಯಿಯನ್ನು. ನೀವೂ ಹಾಗೆಯೇ ಓದಿ ಎಂದು ಕೇಳಿಕೊಳ್ಳುತ್ತೇನೆ.

ತಂತಿ ನೇರವಾಗಿ ರಣರಂಗಕ್ಕೇ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತೇ ಎಂದೂ ಕೇಳಿದ್ದೀರಿ. ಬಂದೇ ಬಂದಿತು. 1855ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದ ಪಶ್ಚಿಮ ದಡದ ವಾರ್ನಾದಿಂದ ಕ್ರಿಮಿಯಾದಲ್ಲಿ ಬ್ರಿಟಿಷರ ನೆಲೆಯಾಗಿದ್ದ ಬಾಲಕ್ಲಾವಾ ಬಳಿಗೆ ಸಮುದ್ರದಡಿ ಕೇಬಲ್ ಹಾಸಿದರು. ಸುದ್ದಿ ಬೇಗ ಹೋಗತೊಡಗಿತು. ಅಷ್ಟೇ ಬೇಗ ಅಪ್ಪಣೆಗಳೂ ಬರತೊಡಗಿದವು. ಮೇ ತಿಂಗಳಲ್ಲಿ ಕ್ರಿಮಿಯಾದ ಪೂರ್ವ ತುದಿಯ ರಷ್ಯನ್ ಬಂದರು ಕೆರ್ಚ್‌ಗೆ ಹೊರಟಿದ್ದ ಹಡಗುಪಡೆಯಲ್ಲಿನ ತಮ್ಮ ಸೈನಿಕರನ್ನು ಫ್ರೆಂಚ್ ಸೇನಾಪತಿ ಕಾನ್‌ರೊಬೇರ್, ಚಕ್ರವರ್ತಿ ಮೂರನೇ ನೆಪೋಲಿಯನ್ನನ ತಂತಿಗೆ ಮಣಿದು, ಅರ್ಧದಾರಿಯಿಂದ ವಾಪಸು ಕರೆಸಿದರು. ಮಿತ್ರರಾದ ಬ್ರಿಟಿಷರು ಕೆರಳಿದರು. ಅದೇ ತಿಂಗಳು ಕಾನ್‌ರೊಬೇರ್ ಸೇನಾಪತಿಯ ಹೊಣೆಯನ್ನು ಪೆಲಿಸ್ಸಿಯೇ ಅವರಿಗೆ ಒಪ್ಪಿಸಿದರು.

– ಸಂಪಾದಕ